ತೊಟ್ಟಿಲ ಊರಿನಲ್ಲಿ ಎರಡನೆಯ ಕೂಸು

ಹುಬ್ಬಳ್ಳಿಯಿಂದ ಕಾರವಾರದ ಹೆದ್ದಾರಿ ಹಿಡಿದು ಸುಮಾರು 30 ಕಿಲೋಮೀಟರ್ ಸಾಗಿದರೆ ಕಲಘಟಗಿ ಸಿಗುತ್ತದೆ. ಬೆಳವಲದ ಕಪ್ಪು ಮಣ್ಣು ಇಲ್ಲಿಗೆ ಬರುವಷ್ಟರಲ್ಲಿ ಮೆಲ್ಲಗೆ ಕೆಂಪಾಗತೊಡಗುತ್ತದೆ. ಹತ್ತಿ, ಗೋವಿನಜೋಳದ ಹೊಲಗಳ ನಡುವೆ ಭತ್ತದ ಗದ್ದೆಗಳು ಕಾಣಿಸಿಕೊಳ್ಳುತ್ತವೆ. ಮುಂದೆ ಯಲ್ಲಾಪುರದ ಕಾಡಿದೆ ಎಂಬುದನ್ನು ಗಾಳಿಯೇ ಹೇಳುತ್ತದೆ. ಅತ್ತ ಪೂರ್ತಿ ಮಲೆನಾಡಲ್ಲ, ಇತ್ತ ಪೂರ್ತಿ ಬಯಲೂ ಅಲ್ಲ. ಮಾಗೋಡು ಜಲಪಾತಕ್ಕೋ ದಾಂಡೇಲಿಗೋ ಹೊರಟವರು ಬಸ್‌ ನಿಲ್ದಾಣದ ಹತ್ತಿರ ಚಹಾ ಕುಡಿದು, ಈ ಊರಲ್ಲಿ ನೋಡುವಂಥದ್ದೇನೂ ಇಲ್ಲ ಎಂದುಕೊಂಡು ಮುಂದೆ ಹೋಗುತ್ತಾರೆ.

ಆದರೆ ಉತ್ತರ ಕರ್ನಾಟಕದ ಯಾವುದೇ ಹಳೆಯ ಮನೆಯ ಅಜ್ಜಿಯ ಮುಂದೆ ಕಲಘಟಗಿಯ ಹೆಸರು ಹೇಳಿ ನೋಡಿ. ಮೊದಲು ಆಕೆಯ ಬಾಯಿಂದ ಬರುವ ಮಾತು 'ತೊಟ್ಲ' ಎಂಬುದೇ. ಸಾಗುವಾನಿಯಲ್ಲಿ ಕಟ್ಟಿ, ಅರಗಿನ ಬಣ್ಣ ಹಚ್ಚಿ, ನಾಲ್ಕೂ ಬದಿಗೆ ಬಾಲಕೃಷ್ಣನ ಆಟಗಳನ್ನೋ ರಾಮಾಯಣದ ಪ್ರಸಂಗಗಳನ್ನೋ ಬರೆದ ಕಲಘಟಗಿಯ ತೊಟ್ಟಿಲು ಈ ಸೀಮೆಯ ಮನೆತನಗಳಲ್ಲಿ ಹೊಲ, ಬಂಗಾರಗಳ ಸಾಲಿಗೆ ಸೇರಿದ ಆಸ್ತಿ. ತಿಂಗಳುಗಟ್ಟಲೆ ಮೊದಲೇ ಹೇಳಿಟ್ಟು ಮಾಡಿಸಬೇಕು. ಮಾಡುವ ಕುಟುಂಬಗಳು ಈಗ ಬೆರಳೆಣಿಕೆಯಷ್ಟು. ಒಮ್ಮೆ ಮಾಡಿಸಿದರೆ ಮೂರು ನಾಲ್ಕು ತಲೆಮಾರಿಗೆ ಚಿಂತೆಯಿಲ್ಲ. ತೊಟ್ಟಿಲು ಮಾಡುವವರ ವಿಷಯ ಪತ್ರಿಕೆಗಳಲ್ಲಿ ಆಗಾಗ ಬಂದಿದೆ. ಅದನ್ನು ತೂಗುವವರ ವಿಷಯ ಬಂದದ್ದು ಕಡಿಮೆ. ತೂಗುವ ಕೆಲಸದಲ್ಲೂ ಕಠಿಣವಾದ ಒಂದು ಘಟ್ಟವಿದೆ. ಒಂದು ಕೂಸು ಇನ್ನೂ ತೊಟ್ಟಿಲು ಬಿಡದಿರುವಾಗ ಇನ್ನೊಂದು ಬರುವ ದಾರಿಯಲ್ಲಿರುತ್ತದಲ್ಲ, ಆಗಿನದು.

ಊರೊಳಗಿನ ಒಂದು ಓಣಿಯ ಹಂಚಿನ ಮನೆಯಲ್ಲಿ ಈ ಶ್ರಾವಣದಲ್ಲಿ ನಡೆದಿರುವುದು ಅದೇ. ಅಜ್ಜಿ, ಮಗ, ಸೊಸೆ, ಮೊಮ್ಮಗಳು. ಮನೆಯಲ್ಲಿ ನಾಲ್ಕೇ ಜನ. ಮೊಮ್ಮಗಳಿಗೆ ಎರಡು ವರ್ಷ ಮೂರು ತಿಂಗಳು. ಸೊಸೆಗೆ ಈಗ ಏಳು ತುಂಬಿದೆ. ಮಗ ಹುಬ್ಬಳ್ಳಿಯ ಒಂದು ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಬೆಳಿಗ್ಗೆ ಎಂಟರ ಬಸ್ಸಿಗೆ ಹೋದವನು ಮರಳುವುದು ರಾತ್ರಿ ಎಂಟಕ್ಕೆ. ಸೊಸೆ ಮನೆಯಲ್ಲೇ ಕುಬಸ ಹೊಲಿಯುತ್ತಾಳೆ. ಕಾಲಿನಲ್ಲಿ ತುಳಿಯುವ ಹೊಲಿಗೆ ಯಂತ್ರಕ್ಕೆ ಹೋದ ತಿಂಗಳಿನಿಂದ ಅಜ್ಜಿ ಬಟ್ಟೆ ಮುಚ್ಚಿಬಿಟ್ಟಿದ್ದಾಳೆ. ಮುಚ್ಚಿದ ಯಂತ್ರವೆಂದರೆ ನಿಂತ ಗಳಿಕೆ. ಶ್ರಾವಣ ಮತ್ತು ಮುಂದಿನ ಹಬ್ಬಗಳು ಹೊಲಿಯುವವರಿಗೆ ಸುಗ್ಗಿಯ ಕಾಲ. ಅದನ್ನು ಸೊಸೆ ಬಾಯಿಬಿಟ್ಟು ಹೇಳುವುದಿಲ್ಲ. ಓಣಿಯವರು ಬಟ್ಟೆಯ ಗಂಟು ತಂದು ಮರಳಿ ಒಯ್ಯುವಾಗ ಆಕೆಯ ಮುಖ ನೋಡಿದರೆ ತಿಳಿಯುತ್ತದೆ.

ಮುಂಜಾನೆ ಆರಕ್ಕೆ ರೊಟ್ಟಿ ಬಡಿಯುವ ಸದ್ದಿನೊಂದಿಗೆ ಈ ಮನೆಯ ದಿನ ಆರಂಭವಾಗುತ್ತದೆ. ಆ ಸದ್ದಿಗೇ ಕಾದಿದ್ದಂತೆ ತೊಟ್ಟಿಲಲ್ಲಿ ಕೂಸು ಎದ್ದು ಕೂಡುತ್ತದೆ. ಇಳಿಸುವವರು ಬರುವವರೆಗೆ ಸುಮ್ಮನಿರುವ ವಯಸ್ಸು ದಾಟಿದೆ. ಒಂದು ಕಾಲು ಹೊರಗೆ ಹಾಕಿ, "ಯವ್ವಾ, ಬಿದ್ನಿ!" ಎಂದು ಬೀಳುವ ಮೊದಲೇ ಕೂಗುತ್ತದೆ. ತಾಯಿ ಹಿಟ್ಟಿನ ಕೈಯಲ್ಲೇ ಓಡಿ ಬರಬೇಕು. ಎರಡು ದಾಟಿದ ಮಕ್ಕಳ ತೂಕ ಹನ್ನೊಂದು, ಹನ್ನೆರಡು ಕಿಲೋ. ಏಳು ತಿಂಗಳ ಬಸುರಿ ಬಗ್ಗಿ ಅಷ್ಟು ತೂಕವನ್ನು ದಿನಕ್ಕೆ ಹತ್ತು ಸಲ ಎತ್ತಿದರೆ ನಡುವಿನ ಗತಿ ಏನಾದೀತು?

"ಎತ್ಕೋಬ್ಯಾಡವಾ ಹುಡುಗೀನ್ನ. ಹೊಟ್ಟಿಗೆ ಒದ್ದೀತು" ಎಂದು ಅಜ್ಜಿ ಒಳಗಿನಿಂದ ಕೂಗುತ್ತಾಳೆ.

"ನಾ ಎತ್ಕೋಳಿಲ್ಲಾಂದ್ರ ಯಾರ್ ಎತ್ಕೋತಾರ್ರಿ ಅತ್ತಿ? ನಿಮ್ಮ ಮೊಣಕಾಲು ಬ್ಯಾರೆ ಹಂಗ..."

ಮಾತು ಅಲ್ಲಿಗೇ ನಿಲ್ಲುತ್ತದೆ. ಇಬ್ಬರ ಮಾತಿನಲ್ಲೂ ಸುಳ್ಳಿಲ್ಲ. ಹಿಂದಿನ ಮನೆಗಳಲ್ಲಿ ಈ ಪ್ರಶ್ನೆಗೆ ಉತ್ತರವಾಗಿ ಇನ್ನೂ ನಾಲ್ಕು ಮಡಿಲುಗಳಿರುತ್ತಿದ್ದವು. ಮದುವೆಯಾಗದ ನಾದಿನಿ, ನೆಗೆಣ್ಣಿ, ಗಂಡ ತೀರಿದ ಸೋದರತ್ತೆ, ಶಾಲೆ ಬಿಟ್ಟ ಹುಡುಗಿಯೊಬ್ಬಳು ಸೇರಿ ಕೂಸನ್ನು ಒಬ್ಬರ ಕಂಕುಳಿನಿಂದ ಇನ್ನೊಬ್ಬರ ಕಂಕುಳಿಗೆ ದಾಟಿಸುತ್ತಿದ್ದರು. ಆ ವ್ಯವಸ್ಥೆಯಲ್ಲಿ ಎಷ್ಟು ಹೆಂಗಸರ ಬದುಕು ಪುಕ್ಕಟೆ ದುಡಿಮೆಯಲ್ಲಿ ಸವೆಯಿತು ಎಂಬುದನ್ನು ಮರೆತು ಹಳೆಯದನ್ನು ಹೊಗಳುವುದೂ ಸರಿಯಲ್ಲ. ಆದರೂ ಮಡಿಲುಗಳು ಕಡಿಮೆಯಾದವು, ಕೂಸಿನ ತೂಕ ಮಾತ್ರ ಅಷ್ಟೇ ಉಳಿಯಿತು.

ರೊಟ್ಟಿಯ ಹಿಟ್ಟಿನಲ್ಲಿ ಒಂದು ಉಂಡೆ ಈಗ ಕೂಸಿಗೆ ಮೀಸಲು. ತಾಯಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ನೆಲದ ಮೇಲೆ ಅಂಗೈಯಿಂದ ಬಡಿಬಡಿದು, ಆ ಮಣ್ಣು ಹತ್ತಿದ ರೊಟ್ಟಿಯನ್ನು ಹಂಚಿಗೆ ಹಾಕಲೇಬೇಕೆಂದು ಹಟ. ಹಾಕಿದ್ದೂ ಆಗುತ್ತದೆ, ಬೆಂದದ್ದೂ ಆಗುತ್ತದೆ. ತಿನ್ನುವ ಪಾಳಿ ಅಪ್ಪನದು. ಎಂಟರ ಬಸ್ಸಿಗೆ ಹೊರಟವನು ಆ ಕರಕಲು ಚೂರನ್ನು ಬಾಯಿಗೆ ಹಾಕಿಕೊಂಡಂತೆ ಮಾಡಿ ಅಂಗಿಯ ಕಿಸೆಗೆ ಸೇರಿಸುತ್ತಾನೆ. ಹುಬ್ಬಳ್ಳಿಯ ಅಂಗಡಿಯಲ್ಲಿ ಮಧ್ಯಾಹ್ನ ಕಿಸೆಯಿಂದ ರೊಟ್ಟಿಯ ಪುಡಿ ಉದುರುವುದನ್ನು ಜೊತೆಯವರು ನೋಡಿ ನಗುವುದುಂಟು.

ಹೊಟ್ಟೆಯಲ್ಲಿರುವುದು ಯಾರು ಎಂಬ ಪ್ರಶ್ನೆ ಓಣಿಯಲ್ಲಿ ದಿನಕ್ಕೊಮ್ಮೆಯಾದರೂ ಏಳುತ್ತದೆ. ನೀರಿಗೆ ಬಂದವರು, ಹಾಲು ತಂದವರು, ಕಟ್ಟೆಯ ಮೇಲೆ ಕೂತವರು ಎಲ್ಲರೂ ಅದನ್ನು ಕೂಸಿಗೇ ಕೇಳುತ್ತಾರೆ. ಮೊದಲ ಮಗುವಿನ ಬಾಯಿಂದ ಬಂದದ್ದು ನಿಜವಾಗುತ್ತದೆಂಬುದು ಹಳೆಯ ನಂಬಿಕೆ. "ಅವ್ವನ ಹೊಟ್ಟಿ ಒಳಗ ಯಾರದಾರವಾ? ತಮ್ಮನೋ ತಂಗಿನೋ?" ಕೂಸು ಒಂದು ಕ್ಷಣ ಯೋಚಿಸಿ, "ಬೆಕ್ಕು" ಎನ್ನುತ್ತದೆ. ಕೇಳಿದವರಿಗೆ ನಿರಾಶೆ. 'ತಮ್ಮ' ಎಂದಿದ್ದರೆ ಸಕ್ಕರೆ ಸಿಗುತ್ತಿತ್ತು ಎಂಬುದು ಕೂಸಿಗೆ ಗೊತ್ತಿಲ್ಲ. ತಾಯಿಗೆ ಗೊತ್ತಿದೆ. ಮೊದಲನೆಯದು ಹೆಣ್ಣಾದ ಮನೆಯಲ್ಲಿ ಎರಡನೆಯ ಬಸುರಿಗೆ ಈ ಹಗುರ ಪ್ರಶ್ನೆಯೂ ಒಂದು ಹೊರೆಯೇ. ಭ್ರೂಣಲಿಂಗ ಪತ್ತೆಯನ್ನು ತಡೆಯುವ ಕಾನೂನು ಬಂದದ್ದು 1994ರಲ್ಲಿ. ಕಾನೂನಿನ ಕೈ ಸ್ಕ್ಯಾನಿಂಗ್ ಕೋಣೆಯವರೆಗೆ ಹೋದೀತು, ಓಣಿಯ ಕಟ್ಟೆಯವರೆಗೆ ಹೋಗದು. ಕೇಂದ್ರದ ಮಾತೃವಂದನಾ ಯೋಜನೆಯಲ್ಲಿ 2022ರಿಂದ ಎರಡನೆಯ ಕೂಸು ಹೆಣ್ಣಾದರೆ 6,000 ರೂಪಾಯಿ ಕೊಡುವ ಏರ್ಪಾಡು ಬಂತು. ಇದನ್ನು ಆಶಾ ಕಾರ್ಯಕರ್ತೆ ಹೇಳಿದಾಗ ಅಜ್ಜಿ ನಕ್ಕು, "ಸರಕಾರಕ್ಕೂ ಗೊತ್ತೈತೇನವಾ ಈ ಓಣಿ ಸುದ್ದಿ!" ಎಂದಳಂತೆ.

ಆಶಾ ಕಾರ್ಯಕರ್ತೆ ಬರುವುದು ವಾರಕ್ಕೊಮ್ಮೆ. ಬಂದೊಡನೆ ತಾಯಿ ಕಾರ್ಡ್ ಕೇಳುತ್ತಾಳೆ. ಅದರಲ್ಲಿ ಹಿಮೋಗ್ಲೋಬಿನ್ ಬರೆದ ಜಾಗದ ಮೇಲೆ ಬೆರಳಿಡುತ್ತಾಳೆ. ಗರ್ಭಿಣಿಯರಿಗೆ ಅದು 11ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎಂದು ಲೆಕ್ಕ. ಈಕೆಯದು ಒಂಬತ್ತೂವರೆ. ಇದು ಈ ಮನೆಯೊಂದರ ಕತೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ಗರ್ಭಿಣಿಯರಲ್ಲಿ ನೂರಕ್ಕೆ ಸುಮಾರು 45 ಮಂದಿಗೆ ರಕ್ತ ಸಾಲದು.

"ಗುಳಿಗಿ ತಗೊಳ್ಳಾಕತ್ತೀರೇನ್ರಿ ವೈನಿ?"

"ಹೂನ್ರಿ, ದಿನಾ ಮುಂಜಾನೆ. ಚಹಾದ ಜೋಡಿ."

"ಚಹಾದ ಜೋಡಿ ತಗೊಂಡ್ರ ಮೈಗೆ ಹತ್ತೂದ್ಹೆಂಗ್ರೀ? ರಾತ್ರಿ ಊಟ ಆದ ಮ್ಯಾಲೆ ತಗೋರಿ. ಲಿಂಬೆಹಣ್ಣಿನ ನೀರು ಕುಡೀರಿ."

ಚಹಾದ ಒಗರು ಕಬ್ಬಿಣವನ್ನು ದೇಹಕ್ಕೆ ಸೇರಗೊಡುವುದಿಲ್ಲ, ಲಿಂಬೆಯ ಹುಳಿ ಸೇರಿಸುತ್ತದೆ. ಇಷ್ಟು ಸಣ್ಣ ಮಾತು ಮೂರು ತಿಂಗಳು ತಡವಾಗಿ ಮನೆ ಮುಟ್ಟಿತು. ಮಧ್ಯಾಹ್ನ ಅಂಗನವಾಡಿಯಲ್ಲಿ ಊಟವಿದೆ. 2017ರಲ್ಲಿ ರಾಜ್ಯದಾದ್ಯಂತ ಬಂದ ಮಾತೃಪೂರ್ಣ ಯೋಜನೆಯ ಅನ್ನ, ಸಾರು, ಮೊಟ್ಟೆ ಅಲ್ಲೇ ಕೂತು ಉಣ್ಣಬೇಕು. ಏಳು ತಿಂಗಳ ಹೊಟ್ಟೆ ಹೊತ್ತು, ಕೈಯಲ್ಲಿ ಎರಡು ವರ್ಷದ ಕೂಸನ್ನು ಹಿಡಿದು, ಶ್ರಾವಣದ ಜಿಟಿಜಿಟಿ ಮಳೆಯಲ್ಲಿ ಹೋಗಿ ಉಣ್ಣುವುದೆಂದರೆ ಯೋಜನೆ ಬರೆದವರು ಒಮ್ಮೆ ನಡೆದು ನೋಡಬೇಕು. ಹೋದ ದಿನ ಮೊಟ್ಟೆಯ ಅರ್ಧ ಕೂಸಿನ ಬಾಯಿಗೆ ಹೋಗುತ್ತದೆ. ಯಾವ ತಾಯಿ ತಾನೇ ಕೊಡದಿದ್ದಾಳು?

ಒಂದು ಹೆರಿಗೆಯಾದ ಮೇಲೆ ಮುಂದಿನ ಬಸುರಿಗೆ ಕನಿಷ್ಠ 24 ತಿಂಗಳ ಅಂತರವಿರಲಿ ಎಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು 2005ರಲ್ಲಿ ಸಲಹೆ ಕೊಟ್ಟಿದ್ದರು. ಈ ಮನೆಯಲ್ಲಿ ಆ ಲೆಕ್ಕ ನಾಲ್ಕು ತಿಂಗಳು ಕಡಿಮೆ ಬಿದ್ದಿದೆ. ಮೊದಲ ಕೂಸು ಆಗ ಇನ್ನೂ ಎದೆಹಾಲು ಬಿಟ್ಟಿರಲಿಲ್ಲ. ಬಸುರಿಯ ಹಾಲು ಕೂಸಿಗೆ ಆಗಿಬರುವುದಿಲ್ಲ ಎಂದು ಅಜ್ಜಿ ಬೇವಿನೆಲೆ ಅರೆದು ಕೊಟ್ಟಳು. ತಾಯಿ ಆರೋಗ್ಯವಾಗಿದ್ದರೆ ಬಸುರಿನಲ್ಲಿ ಹಾಲುಣಿಸುವುದರಿಂದ ತೊಂದರೆಯಿಲ್ಲ ಎಂಬುದು ವೈದ್ಯರ ಮಾತು. ಆದರೆ ಹಾಲು ತಾನಾಗಿಯೇ ಕಡಿಮೆಯಾಗುತ್ತದೆ, ರುಚಿಯೂ ಬದಲಾಗುತ್ತದೆ. ಬೇವಿನ ಕಹಿಗೆ ಕೂಸು ಎರಡು ದಿನ ಅತ್ತಿತು. ಮೂರನೆಯ ದಿನ ಬೇರೆ ದಾರಿ ಕಂಡುಕೊಂಡಿತು. ಈಗ ಅದು ಮಲಗುವುದು ತಾಯಿಯ ಕಿವಿಯ ಹಾಲೆ ಹಿಡಿದುಕೊಂಡು. ಹಾಲೆ ಕೈಗೆಟುಕಬೇಕಾದರೆ ತಾಯಿ ತೊಟ್ಟಿಲ ಪಕ್ಕದಲ್ಲಿ ಬಗ್ಗಿ ನಿಲ್ಲಬೇಕು. ಬಗ್ಗಿ ನಿಂತರೆ ಹೊಟ್ಟೆ ತೊಟ್ಟಿಲಿಗೆ ತಾಗುತ್ತದೆ. ಒಳಗಿನ ಕೂಸು ಒದೆಯುತ್ತದೆ. ಹೊರಗಿನ ಕೂಸು ಆ ಒದೆತಕ್ಕೆ ಕಣ್ಣು ಬಿಟ್ಟು, "ಬೆಕ್ಕು ಎದ್ದೈತಿ" ಎನ್ನುತ್ತದೆ.

ತೊಟ್ಟಿಲು ಇಳಿದ ದಿನ

ಈ ಮನೆಯ ತೊಟ್ಟಿಲು ಅಜ್ಜಿಯ ತವರಿನಿಂದ ಬಂದದ್ದು. ಆಕೆಯ ಚೊಚ್ಚಲ ಹೆರಿಗೆಗೆ, ಸುಮಾರು ನಲವತ್ತು ವರ್ಷಗಳ ಹಿಂದೆ. ಅದರಲ್ಲಿ ಮಗ ಮಲಗಿದ, ಮಗಳು ಮಲಗಿದಳು. ಆಮೇಲೆ ಅದು ಸಂಬಂಧಿಕರ ಮನೆಗಳಿಗೆ ಕುಂದಗೋಳ, ನವಲಗುಂದ ಎಂದು ಓಡಾಡಿ, ಒಮ್ಮೆ ಲಾರಿಯಲ್ಲಿ ಪುಣೆಗೂ ಹೋಗಿ ಬಂದಿತು. ಕೊಟ್ಟವರು ಬಾಡಿಗೆ ಕೇಳುವುದಿಲ್ಲ, ಪಡೆದವರು ಬರಿದಾಗಿ ಮರಳಿಸುವುದಿಲ್ಲ. ಒಳಗೆ ಉಡಿ ತುಂಬುವಷ್ಟಾದರೂ ಅಕ್ಕಿ, ಒಂದು ಕುಬಸದ ಕಣ ಇಟ್ಟು ಕಳಿಸುತ್ತಾರೆ. ಬಣ್ಣ ಇನ್ನೂ ಕೆಂಪಗಿದೆ. ಬಲಬದಿಯ ಹಲಗೆಯಲ್ಲಿ ಬೆಣ್ಣೆ ಕದಿಯುವ ಕೃಷ್ಣನ ಕಾಲ್ಬೆರಳು ಮಾತ್ರ ಮಾಸಿವೆ. ಮಲಗಿದ ಕೂಸಿನ ಉಗುರಿಗೆ ಎಟಕುವುದು ಸರಿಯಾಗಿ ಆ ಜಾಗ. ಅಲ್ಲಿ ಮಲಗಿದ ಪ್ರತಿಯೊಂದು ಕೂಸೂ ಅಲ್ಲೇ ಕೆರೆದಿದೆ.

ಈ ಸೀಮೆಯಲ್ಲಿ ನಾಮಕರಣಕ್ಕೆ 'ತೊಟ್ಲಾಗ ಹಾಕೂದು' ಎಂದೇ ಹೆಸರು. ಅಂದು ಮೊದಲು ತೊಟ್ಟಿಲಿಗೆ ಹೋಗುವುದು ಕೂಸಲ್ಲ, ಬಟ್ಟೆ ಸುತ್ತಿದ ಗುಂಡುಕಲ್ಲು. ಕಲ್ಲಿನಂತೆ ಗಟ್ಟಿಯಾಗಿ ಬಾಳಲಿ ಎಂದು. ಆಮೇಲೆ ಕುಂಚಿಗೆ, ಕುಲಾಯಿ ತೊಟ್ಟ ಕೂಸು. ಸೋದರತ್ತೆ ಕಿವಿಯಲ್ಲಿ ಹೆಸರು ಉಸುರುವಾಗ ಉಳಿದವರು ಆಕೆಯ ಬೆನ್ನಿಗೆ ಗುದ್ದುವ ಪದ್ಧತಿಯೂ ಇದೆ. ಬರಿ ತೊಟ್ಟಿಲು ತೂಗಬಾರದು ಎಂಬ ಇನ್ನೊಂದು ಕಟ್ಟಳೆ ಇದೆ. ಎರಡು ವರ್ಷದವಳು ತೊಟ್ಟಿಲಿನಿಂದ ಇಳಿದೊಡನೆ ಮಾಡುವ ಮೊದಲ ಕೆಲಸ ಅದೇ, ಬರಿ ತೊಟ್ಟಿಲನ್ನು ಜೋರಾಗಿ ತೂಗಿಬಿಡುವುದು! ಅಜ್ಜಿ ಓಡಿ ಬಂದು ಒಂದು ತಲೆದಿಂಬು ಒಗೆಯುತ್ತಾಳೆ. ಶಾಸ್ತ್ರ ಉಳಿಯುತ್ತದೆ.

ಹೊಸ ಕೂಸು ಬಂದಾಗ ಈ ತೊಟ್ಟಿಲು ಅದಕ್ಕೆ ಬೇಕು. ಹಾಗಾದರೆ ಹಳೆಯ ಕೂಸು ಎಲ್ಲಿ? ಹೆರಿಗೆಯಾದ ದಿನವೇ ಇಳಿಸಿದರೆ ತನ್ನ ಜಾಗ ಕಸಿದುಕೊಂಡವರು ಯಾರೆಂಬುದು ಎರಡು ವರ್ಷದ ಬುದ್ಧಿಗೂ ಹೊಳೆಯುತ್ತದೆ. ಆಮೇಲೆ ಚಿವುಟುವುದು, ಬಿಟ್ಟಿದ್ದ ಹಾಸಿಗೆ ಒದ್ದೆ ಮತ್ತೆ ಶುರುವಾಗುವುದು, ತಾಯಿಯ ಮಡಿಲಿಗಾಗಿ ನೆಲಕ್ಕೆ ಬಿದ್ದು ಅಳುವುದು. ಎರಡು ತಿಂಗಳು ಮೊದಲೇ ಜಾಗ ಬದಲಿಸಿ ಎಂದು ಇಂದಿನ ಮಕ್ಕಳ ತಜ್ಞರು ಹೇಳುತ್ತಾರೆ. ಅಜ್ಜಿ ಯಾವ ತಜ್ಞರನ್ನೂ ಕೇಳಿದವಳಲ್ಲ. "ಮರೀಲಿಕ್ಕೆ ಯಾಡ್ ತಿಂಗಳರ ಬೇಕು ಹುಡುಗಿಗೆ" ಎಂದು ಆಕೆ ಹೇಳಿದ್ದೂ ಅಷ್ಟೇ ಲೆಕ್ಕ.

ಆಕೆ ಹಿಡಿದ ಮುಹೂರ್ತ ಜಾಣತನದ್ದು. ನಾಗರ ಪಂಚಮಿ. ಉತ್ತರ ಕರ್ನಾಟಕದಲ್ಲಿ ಪಂಚಮಿ ಎಂದರೆ ಹೆಣ್ಣುಮಕ್ಕಳ ಹಬ್ಬ, ಉಂಡಿಯ ಹಬ್ಬ, ಜೋಕಾಲಿಯ ಹಬ್ಬ. ಹಬ್ಬದ ಹಿಂದಿನ ದಿನ ಪಡಸಾಲೆಯ ತೊಲೆಯ ಕೊಂಡಿಗಳಿಂದ ಮಗ ತೊಟ್ಟಿಲನ್ನು ಇಳಿಸಿದ. ಅಟ್ಟಕ್ಕೇರಿಸಿ ಹಳೆಯ ಧೋತರ ಮುಚ್ಚಿದ. ಅದೇ ಕೊಂಡಿಗಳಿಗೆ ಹಗ್ಗ ಹಾಕಿ, ಮಣೆ ಕಟ್ಟಿ, ಕೂಸಿಗೊಂದು ಜೋಕಾಲಿ ಮಾಡಿದ. ಕೂಸಿಗೆ ಆ ದಿನ ಶೇಂಗಾ ಉಂಡಿ ಒಂದು ಕೈಯಲ್ಲಿ, ಎಳ್ಳುಂಡಿ ಇನ್ನೊಂದು ಕೈಯಲ್ಲಿ, ತಾನು ಜೋಕಾಲಿಯ ಮೇಲೆ. ತೊಟ್ಟಿಲ ನೆನಪು ಸಂಜೆಯವರೆಗೆ ಬರಲಿಲ್ಲ. ನೆರೆಮನೆಗೆ ಪಂಚಮಿಗೆಂದು ತವರಿಗೆ ಬಂದ ಹೆಣ್ಣುಮಕ್ಕಳೆಲ್ಲ ಬಂದು ಜೀಕಿ ಹೋದರು. ಸೊಸೆ ಮಾತ್ರ ಈ ಸಲ ತವರಿಗೂ ಹೋಗಲಿಲ್ಲ, ಜೋಕಾಲಿಯನ್ನೂ ಏರಲಿಲ್ಲ. ಚೊಚ್ಚಲಿಗೆ ನವಲಗುಂದದ ತವರು ಕರೆದು ಬಾಣಂತನ ಮಾಡಿತ್ತು. ಕುಬಸ ಮಾಡಿ, ಹಸಿರು ಬಳೆ ಇಡಿಸಿ, ಬುತ್ತಿ ಕಟ್ಟಿ ಸಂಭ್ರಮಪಟ್ಟಿತ್ತು. ಎರಡನೆಯದು ಗಂಡನ ಮನೆಯದು. ಎರಡನೆಯ ಬಸುರಿಗೆ ಯಾರೂ ಹಾಡು ಹೇಳುವುದಿಲ್ಲ. ಆಕೆಗೆ ಬಯಕೆ ಏನೆಂದು ಕೇಳಿದವರೂ ಕಡಿಮೆ. ಕೇಳಿದ್ದರೆ ಹೇಳುತ್ತಿದ್ದಳು: ಮಧ್ಯಾಹ್ನ ಎರಡು ತಾಸು ನಿದ್ದೆ.

ಆ ರಾತ್ರಿ ಬಂತು ನೋಡಿ ಪರೀಕ್ಷೆ. ಜೋಕಾಲಿ ಹಗಲಿನದು, ತೊಟ್ಟಿಲು ರಾತ್ರಿಯದು. ಒಂಬತ್ತಕ್ಕೆ ಕಣ್ಣುಜ್ಜುತ್ತ ಕೊಂಡಿಯ ಕೆಳಗೆ ನಿಂತು ಕೂಸು ಮೇಲೆ ನೋಡಿತು. "ತೊಟ್ಲ?" ಎಂದಿತು. ಯಾರೂ ಉತ್ತರಿಸಲಿಲ್ಲ. ಮತ್ತೆ ಕೇಳಿತು. ಅಳು ಶುರುವಾದದ್ದು ಒಂಬತ್ತೂಕಾಲಿಗೆ, ಹತ್ತೂವರೆಯಾದರೂ ನಿಲ್ಲಲಿಲ್ಲ. ತಾಯಿ ಎರಡು ಸಲ ಎತ್ತಿಕೊಳ್ಳಲು ಹೋದಳು. ಎರಡೂ ಸಲ ಗಂಡ ಮೊದಲೇ ಎತ್ತಿಕೊಂಡ. ಹುಟ್ಟಿದಾಗಿನಿಂದ ಮಗಳನ್ನು ಒಮ್ಮೆಯೂ ಮಲಗಿಸಿದವನಲ್ಲ ಆತ. ಹೇಗೆಂದೂ ಗೊತ್ತಿರಲಿಲ್ಲ. ಹೆಗಲಿಗೆ ಹಾಕಿಕೊಂಡು ಓಣಿಯ ಆ ತುದಿಯಿಂದ ಈ ತುದಿಗೆ, ಬಸವಣ್ಣನ ಗುಡಿಯವರೆಗೆ ಹೋಗಿ ಮರಳಿ ಬಂದು, ಜೋಗುಳ ಬಾರದೆ, ಹುಬ್ಬಳ್ಳಿಯಿಂದ ಬರುವ ಬಸ್ಸಿನ ನಿಲ್ದಾಣಗಳ ಹೆಸರುಗಳನ್ನೇ ಒಂದರ ಹಿಂದೆ ಒಂದು ಹೇಳುತ್ತ ಅಡ್ಡಾಡಿದ. ಹನ್ನೊಂದಕ್ಕೆ ಕೂಸು ನಿದ್ದೆ ಹೋಯಿತು. ಐದನೆಯ ದಿನಕ್ಕೆ ಅಳು ಹತ್ತು ನಿಮಿಷಕ್ಕೆ ಇಳಿದಿತ್ತು. ಈಗ ಮಲಗಿಸುವ ಕೆಲಸ ಅಪ್ಪನದೇ. ಕಿವಿಯ ಹಾಲೆಯೂ ಅಪ್ಪನದೇ.

ಹೊಸದಾಗಿ ಕಟ್ಟಿದ ಸ್ಲ್ಯಾಬ್ ಮನೆಗಳಲ್ಲಿ ತೊಲೆಯೂ ಇಲ್ಲ, ಕೊಂಡಿಯೂ ಇಲ್ಲ. ತಿಳಿದವರು ಸ್ಲ್ಯಾಬ್ ಹಾಕುವಾಗಲೇ ಮೇಸ್ತ್ರಿಗೆ ಹೇಳಿ ಎರಡು ಕಬ್ಬಿಣದ ಕೊಂಡಿ ಬಿಡಿಸಿಕೊಳ್ಳುತ್ತಾರೆ. ಮರೆತವರು ಪೇಟೆಯಿಂದ ಕಬ್ಬಿಣದ ನಿಲುವಿನ ತೊಟ್ಟಿಲು ತರುತ್ತಾರೆ, ಇಲ್ಲವೇ ಹಳೆಯ ಸೀರೆಯ ಜೋಳಿಗೆ ಕಟ್ಟುತ್ತಾರೆ. ಹೊಲಕ್ಕೆ ಕೂಲಿಗೆ ಹೋಗುವ ಹೆಂಗಸರಿಗೆ ಎಂದೆಂದೂ ಜೋಳಿಗೆಯೇ. ಗಿಡದ ಟೊಂಗೆಗೆ ಕಟ್ಟಿದ ಸೀರೆ, ಅದನ್ನು ಕಾಯುವುದಕ್ಕೆ ನಾಲ್ಕು ವರ್ಷದ ಅಕ್ಕ. ಉದ್ಯೋಗ ಖಾತ್ರಿಗೆ ದುಡಿಯುವ ತಾಯಂದಿರಿಗಾಗಿ ರಾಜ್ಯ ಸರ್ಕಾರ 2023ರಲ್ಲಿ ಗ್ರಾಮ ಪಂಚಾಯ್ತಿಗಳಲ್ಲಿ 'ಕೂಸಿನ ಮನೆ'ಗಳನ್ನು ಆರಂಭಿಸಿತು. ಹೆಸರು ಚೆನ್ನಾಗಿದೆ. ಸಾಗುವಾನಿ ತೊಟ್ಟಿಲು ಎಲ್ಲರ ಮನೆಯ ಮಾತಲ್ಲ ಎಂಬುದನ್ನು ಈ ಊರಿನಲ್ಲೂ ನೆನಪಿಡಬೇಕು.

ಕವದಿಯ ಒಂದು ಮೂಲೆ

ಕೂಸಿಗೆ ಹೊಸ ಹಾಸಿಗೆ ಬೇಕಲ್ಲ. ಅಜ್ಜಿ ಪಂಚಮಿಗೆ ಒಂದು ತಿಂಗಳು ಮೊದಲೇ ಕವದಿ ಹೊಲಿಯಲು ಕೂತಿದ್ದಳು. ತನ್ನ ಎರಡು ಇಳಕಲ್ ಸೀರೆ, ತೀರಿಹೋದ ಗಂಡನ ಒಂದು ಅಂಗಿ, ಸೊಸೆಯ ಹೊಲಿಗೆಯಲ್ಲಿ ಉಳಿದ ಚೂರುಪಾರು. ಕಲಘಟಗಿಯಿಂದ ಪಶ್ಚಿಮಕ್ಕೆ, ಹಳಿಯಾಳ, ಯಲ್ಲಾಪುರದ ಕಾಡಿನ ಅಂಚಿನ ಹಳ್ಳಿಗಳಲ್ಲಿರುವ ಸಿದ್ದಿ ಹೆಂಗಸರು ಇಂಥ ಕವದಿಗಳಿಗೆ ಹೆಸರಾದವರು. ನಾಲ್ಕು ಮೂಲೆಗೂ ಮಡಚಿದ ಬಟ್ಟೆಯ 'ಫುಲಾ' ಕೂಡಿಸದೆ ಕವದಿ ಪೂರ್ತಿಯಾಯಿತೆಂದು ಅವರು ಒಪ್ಪುವುದಿಲ್ಲ. ಅಜ್ಜಿಯದು ಅಷ್ಟು ಚೆಂದದ್ದಲ್ಲ, ಎಳೆ ವಾರೆಯಾಗಿದೆ, ಕಣ್ಣು ಮಂಜು. ಆದರೆ ಒಂದು ಮೂಲೆಗೆ ತೊಟ್ಟಿಲಲ್ಲಿ ಹಾಸುತ್ತಿದ್ದ ಹಳೆಯ ಬಟ್ಟೆಯ ತುಂಡನ್ನು ಕೂಡಿಸಿದ್ದಾಳೆ. ಕೂಸು ಮಲಗುವಾಗ ಆ ಮೂಲೆಯನ್ನೇ ಹುಡುಕಿ ಹಿಡಿಯುತ್ತದೆ.

ದಸರೆಯ ಹೊತ್ತಿಗೆ ಹೆರಿಗೆ. ಅಂಟಿನುಂಡಿಗೆ ಅಂಟು, ಉತ್ತತ್ತಿ, ಕೊಬ್ಬರಿ ಡಬ್ಬಿ ಸೇರಿವೆ. ಅಳವಿಯೂ ಬಂದಿದೆ. ಬಾಣಂತಿಯ ಹೊರಸಿನ ಕೆಳಗೆ ಕೆಂಡ ಇಡುವ ವಿಷಯದಲ್ಲಿ ಅಜ್ಜಿಗೂ ಆಶಾ ಕಾರ್ಯಕರ್ತೆಗೂ ಇನ್ನೂ ಒಪ್ಪಂದವಾಗಿಲ್ಲ. ಮುಚ್ಚಿದ ಕೋಣೆಯ ಹೊಗೆ ಎಳೆಗೂಸಿಗೆ ಆಗದು ಎಂದು ಆಕೆ, ಬೆಚ್ಚಗಿರದಿದ್ದರೆ ಬಾಣಂತಿಗೆ ಸನ್ನಿಯಾದೀತು ಎಂದು ಈಕೆ. ಕಿಟಕಿ ತೆರೆದಿಡುವವರೆಗೆ ಮಾತು ಬಂದು ನಿಂತಿದೆ. ಹೊಗೆಯ ವಿಷಯದಲ್ಲಂತೂ ಆಶಾ ಕಾರ್ಯಕರ್ತೆ ಹೇಳುವುದೇ ಸರಿ.

ಇತ್ಯರ್ಥವಾಗದೆ ಉಳಿದದ್ದು ಒಂದು ರಾತ್ರಿಯ ಪ್ರಶ್ನೆ. ನೋವು ನಡುರಾತ್ರಿಯಲ್ಲಿ ಬಂದರೆ ಯಾರು ಎಲ್ಲಿ? ತಾಲ್ಲೂಕು ಆಸ್ಪತ್ರೆ ಊರಲ್ಲೇ ಇದೆ. ರಕ್ತ ಕಡಿಮೆ ಇರುವುದರಿಂದ ಹುಬ್ಬಳ್ಳಿಗೆ ಕಳಿಸಿದರೂ ಕಳಿಸಬಹುದು. ಸೊಸೆಯ ಜೊತೆ ಹೆಂಗಸೊಬ್ಬರು ಬೇಕು, ಅದು ಅಜ್ಜಿ. 108ರ ಗಾಡಿ ಬರುವವರೆಗೆ, ಬಂದ ಮೇಲೆ ಓಡಾಡಲು ಗಂಡಸು ಬೇಕು, ಅದು ಮಗ. ಹಾಗಾದರೆ ಕೂಸಿನ ಹತ್ತಿರ? ಎದುರುಮನೆಯಾಕೆಯನ್ನು ಕೂಸು 'ದೊಡ್ಡವ್ವ' ಎನ್ನುತ್ತದೆ, ಹಗಲು ಅಲ್ಲೇ ಆಡುತ್ತದೆ, ಆದರೆ ರಾತ್ರಿ ಅಲ್ಲಿ ಮಲಗಿದ್ದಿಲ್ಲ. ಎರಡು ದಿನ ಯೋಚಿಸಿ ಅಜ್ಜಿಯೇ ದಾರಿ ಹೇಳಿದಳು. ವಾರಕ್ಕೊಂದು ರಾತ್ರಿ ಈಗಿನಿಂದಲೇ ಕವದಿಯ ಸಮೇತ ಕೂಸನ್ನು ದೊಡ್ಡವ್ವನ ಮನೆಗೆ ಕಳಿಸುವುದು. ಹಾಗೆ ಹೋದ ಮೊದಲ ರಾತ್ರಿ, ಕೂಸು ನೆನೆದು ಅತ್ತೀತೆಂದು ಎಲ್ಲರೂ ಕಿವಿಗೊಟ್ಟು ಕೂತಿದ್ದರು. ಎದುರುಮನೆಯಿಂದ ಸದ್ದೇ ಇಲ್ಲ. ಹನ್ನೆರಡಕ್ಕೆ ತಾಯಿ ತಾನೇ ಎದ್ದು ಹೋಗಿ ಬಾಗಿಲು ಬಡಿದಳು.

"ಮಲಗ್ಯಾಳ ತಗೋವಾ" ಎಂದು ದೊಡ್ಡವ್ವ ಒಳಗಿನಿಂದಲೇ ಹೇಳಿದಳು. "ನೀನೂ ಹೋಗಿ ಮಲಕೋ."